ಹಾವಿಗೆ ಬೇಕಾದ ತೇವ ಕೊಡಲಾರದವರು ಹಾವು ಸಾಕಬಾರದು

ಕೃಷಿ ಮತ್ತು ಆರೋಗ್ಯದ ಈ ಅಂಕಣದಲ್ಲಿ ಹಾವು ಸಾಕುವ ವಿಚಾರ ಏಕೆ ಬಂತೆಂದು ಓದುಗರು ಕೇಳಬಹುದು. ನಮ್ಮದು ದನ, ಕೋಳಿ, ಹಂದಿ, ಜೇನು ಸಾಕುವ ಮನೆಗಳು. ತೋಟದಲ್ಲಿ ಹಾವು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವವರು ನಾವು. ಆದರೆ ನಮ್ಮ ಮಕ್ಕಳು ಈಗ ಬೆಂಗಳೂರು, ಕೊಚ್ಚಿ, ಗಲ್ಫ್ ಎಂದು ದೂರದ ಊರುಗಳಲ್ಲಿ ದುಡಿಯುತ್ತಾರೆ. ಅಲ್ಲಿನ ಪೇಟೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ವಿದೇಶಿ ಹಾವು ಸಾಕುವ ಹವ್ಯಾಸ ಹಬ್ಬಿದೆ. ಅಂಥ ಪೆಟ್ಟಿಗೆ ಒಂದು ದಿನ ಮಂಜೇಶ್ವರದ ಮನೆಗೂ ಬರಬಹುದು, ಬದಿಯಡ್ಕದ ಮನೆಗೂ ಬರಬಹುದು. ರಜೆ ಮುಗಿಸಿ ಮಗ ಕೆಲಸಕ್ಕೆ ಮರಳಿದ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆ ಬೀಳುವುದು ಮನೆಯ ಹಿರಿಯರ ಮೇಲೆಯೇ. ಆದುದರಿಂದ ಈ ವಿಷಯವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಹಾವು ಸಾಕಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಅದು ಕಚ್ಚುತ್ತದೆಯೇ? ಅದಕ್ಕೆ ಏನು ತಿನ್ನಿಸಬೇಕು? ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆ ಪೆಟ್ಟಿಗೆಯ ಒಳಗಿನ ಹವೆಯಲ್ಲಿ ಎಷ್ಟು ತೇವ ಇರಬೇಕು ಎಂಬುದೇ ಆ ಪ್ರಶ್ನೆ. ಪೆಟ್ಟಿಗೆಯ ಹಾವಿನ ಆರೋಗ್ಯ ಬಹುಮಟ್ಟಿಗೆ ನಿಂತಿರುವುದು ಇದರ ಮೇಲೆ. ವರ್ಷದ ಹನ್ನೆರಡು ತಿಂಗಳೂ ಈ ಲೆಕ್ಕ ಇಡಲು ಆಗದವರು ಹಾವು ಸಾಕಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪೊರೆ ಮತ್ತು ತೇವ

ಹಾವು ಪೊರೆ ಬಿಡುವುದು ನಮಗೆಲ್ಲ ಗೊತ್ತು. ಕಟ್ಟಪುಣಿಯ ಕಲ್ಲಿನ ಸಂದಿನಲ್ಲಿ, ಅಡಿಕೆ ಮರದ ಬುಡದಲ್ಲಿ ಬಿದ್ದ ಪೊರೆಯನ್ನು ನೋಡದ ಕೃಷಿಕನಿಲ್ಲ. ಆರೋಗ್ಯವಂತ ಹಾವು ಮೂತಿಯಿಂದ ಬಾಲದ ತುದಿಯವರೆಗೆ ಕಾಲುಚೀಲ ಮಗುಚಿದಂತೆ ಒಂದೇ ತುಂಡಾಗಿ ಪೊರೆ ಕಳಚುತ್ತದೆ. ಕಣ್ಣಿನ ಮೇಲಿನ ತೆಳ್ಳಗಿನ ಪರದೆಯೂ ಪೊರೆಯ ಜೊತೆಗೇ ಬರುತ್ತದೆ. ಹಾವಿಗೆ ರೆಪ್ಪೆ ಇಲ್ಲ. ರೆಪ್ಪೆಯ ಬದಲಿಗೆ ಕಣ್ಣನ್ನು ಕಾಯುವುದು ಆ ಪರದೆ.

ಪೊರೆ ಬಿಡುವ ಕೆಲವು ದಿನ ಮೊದಲು ಹಳೆಯ ಮತ್ತು ಹೊಸ ಚರ್ಮದ ನಡುವೆ ಒಂದು ದ್ರವ ತುಂಬುತ್ತದೆ. ಆಗ ಹಾವಿನ ಕಣ್ಣು ಹಾಲು ಬೆರೆಸಿದ ನೀಲಿಯಂತೆ ಮಸುಕಾಗುತ್ತದೆ. ಮತ್ತೆ ಕಣ್ಣು ತಿಳಿಯಾಗಿ ಕೆಲವು ದಿನಗಳಲ್ಲಿ ಪೊರೆ ಕಳಚುತ್ತದೆ. ಈ ದಿನಗಳಲ್ಲಿ ಹವೆ ಒಣಗಿದ್ದರೆ ಪೊರೆ ಚೂರುಚೂರಾಗಿ ಬರುತ್ತದೆ, ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಉಳಿದ ಪೊರೆ ಬೆರಳಿಗೆ ದಾರ ಬಿಗಿದ ಹಾಗೆ ರಕ್ತದ ಓಟವನ್ನು ತಡೆಯುತ್ತದೆ, ಆ ತುದಿ ಸತ್ತು ಉದುರುವುದೂ ಉಂಟು. ಕಣ್ಣಿನ ಪರದೆ ಪದರ ಪದರವಾಗಿ ಉಳಿದುಹೋದರೆ ಕಣ್ಣು ಕೆಡುತ್ತದೆ.

ತೇವ ಹೆಚ್ಚಾದರೂ ಕಷ್ಟವೇ. ಹಾಸು ಸದಾ ಒದ್ದೆಯಾಗಿದ್ದು ಗಾಳಿ ಆಡದಿದ್ದರೆ ಹೊಟ್ಟೆಯ ಕಡೆಯ ಹುರುಪೆಗಳಲ್ಲಿ ಗುಳ್ಳೆ ಎದ್ದು ಕೊಳೆಯುತ್ತವೆ. ಒದ್ದೆಯ ಜೊತೆಗೆ ಚಳಿಯೂ ಸೇರಿದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಹಾವು ಬಾಯಿ ತೆರೆದು ಉಸಿರಾಡುವುದು, ಸಿಳ್ಳಿನಂಥ ಸದ್ದು ಬರುವುದು, ಬಾಯಿಯ ಬಳಿ ಲೋಳೆಯ ಗುಳ್ಳೆ ಕಾಣುವುದು ಇದರ ಲಕ್ಷಣಗಳು. ಹಾವು ಕೋಳಿಯಂತೆ ತೂಕಡಿಸಿ ನಿಲ್ಲುವುದಿಲ್ಲ, ದನದಂತೆ ಮೇವು ಬಿಟ್ಟು ಕೂಗುವುದಿಲ್ಲ. ಅದು ಸುಮ್ಮನೆ ಮಲಗಿರುತ್ತದೆ. ರೋಗ ನಮಗೆ ಕಾಣುವ ಹೊತ್ತಿಗೆ ಅದು ಬಹಳ ದೂರ ಹೋಗಿರುತ್ತದೆ.

ಒಂದೊಂದು ಹಾವಿಗೆ ಒಂದೊಂದು ಲೆಕ್ಕ

ಪೇಟೆಯ ಹವ್ಯಾಸಿಗಳಲ್ಲಿ ಹೆಚ್ಚಾಗಿ ಕಾಣುವುದು ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು. ಮೂರರಿಂದ ಐದು ಅಡಿ ಬೆಳೆಯುತ್ತದೆ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಇದರ ಊರು ಘಾನಾ, ಟೋಗೊ, ಬೆನಿನ್ ಮೊದಲಾದ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲು. ಹುಲ್ಲುಗಾವಲಿನ ಹಾವಾದರೆ ಒಣ ಹವೆ ಸಾಕು ಎಂದು ತೋರಬಹುದು. ಆದರೆ ಅದು ಹಗಲನ್ನು ಕಳೆಯುವುದು ಇಲಿಯ ಬಿಲದಲ್ಲಿ ಮತ್ತು ಗೆದ್ದಲಿನ ಹುತ್ತದಲ್ಲಿ. ಹೊರಗೆ ಎಷ್ಟೇ ಬಿಸಿಲಿರಲಿ, ಅಲ್ಲಿ ಒಳಗೆ ತಂಪು ಮತ್ತು ತೇವ ಇರುತ್ತದೆ. ಆದುದರಿಂದ ಇದಕ್ಕೆ ಪೆಟ್ಟಿಗೆಯಲ್ಲಿ ಶೇಕಡಾ 55ರಿಂದ 65ರಷ್ಟು ತೇವ ಬೇಕು, ಪೊರೆ ಬಿಡುವಾಗ 70ರ ಆಚೀಚೆ ಇರಬೇಕು. ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್‌ಗೆ 40ರಿಂದ 60 ಸಾಕು. ನಮ್ಮ ಸೊಲ್ಲಾಪುರ, ರಾಯದುರ್ಗದ ಕಡೆಯ ಬಂಧುಗಳು ಕಂಡಿರುವ ಎರಡು ತಲೆ ಹಾವು ಸಡಿಲವಾದ ಒಣ ಮಣ್ಣಿನ ಜೀವಿ. ಅದರ ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ, ಅಷ್ಟೇ. ಭಾಗ್ಯ ತರುತ್ತದೆಂಬ ಸುಳ್ಳು ನಂಬಿ ಅದನ್ನು ಚೀಲದಲ್ಲಿ ತುಂಬಿ ಊರೂರು ಸಾಗಿಸುವವರಿದ್ದಾರೆ.

ಹುತ್ತದ ತೇವ ನಮ್ಮ ಹಿರಿಯರಿಗೂ ಗೊತ್ತಿತ್ತು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರನ್ನು ಹುಡುಕುವ ಒಂದು ಅಧ್ಯಾಯವೇ ಇದೆ. ಅಲ್ಲಿ ಹುತ್ತವನ್ನು ನೀರಿನ ಗುರುತುಗಳಲ್ಲಿ ಒಂದಾಗಿ ಹೇಳಿದೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಮಾತನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ. ನಿಜವಾಗಿ ಹಾವು ಅಲ್ಲಿ ಹುಡುಕುವುದು ತಂಪು, ಕತ್ತಲೆ ಮತ್ತು ತೇವ ಮೂರನ್ನೂ. ಗಾಜಿನ ಪೆಟ್ಟಿಗೆಯಲ್ಲಿ ಈ ಮೂರನ್ನು ಮನುಷ್ಯನೇ ಮಾಡಿಕೊಡಬೇಕು.

ತಮಿಳುನಾಡಿನ ಇರುಳರ ಕ್ರಮ ಇಲ್ಲಿ ನೆನಪಿಗೆ ಬರುತ್ತದೆ. 1978ರಲ್ಲಿ ಸ್ಥಾಪನೆಯಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಸರಕಾರದ ಅನುಮತಿಯಿಂದ ಹಾವು ಹಿಡಿದು, ಪ್ರತಿವಿಷದ ಔಷಧಿ ತಯಾರಿಸಲು ಬೇಕಾದ ವಿಷವನ್ನು ತೆಗೆಯುತ್ತದೆ. ಹಾವುಗಳನ್ನು ಅವರು ಇಡುವುದು ಮಣ್ಣಿನ ಮಡಕೆಗಳಲ್ಲಿ, ಬಾಯಿಗೆ ಹತ್ತಿ ಬಟ್ಟೆ ಕಟ್ಟಿ. ಮಡಕೆ ಬೆವರುತ್ತದೆ, ಗಾಳಿ ಆಡುತ್ತದೆ, ಒಳಗೆ ತಂಪಾಗಿರುತ್ತದೆ. ಕೆಲವು ವಾರಗಳ ನಂತರ ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ತಲೆಮಾರುಗಳಿಂದ ಹಾವನ್ನು ಬಲ್ಲವರೇ ಹಾವನ್ನು ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ ಎಂಬುದನ್ನು ಹವ್ಯಾಸಿಗಳು ಗಮನಿಸಬೇಕು.

ಪರದೇಶದ ಪುಸ್ತಕ, ನಮ್ಮೂರಿನ ಮಳೆ

ಹವ್ಯಾಸಿಗಳು ಓದುವ ಕೈಪಿಡಿಗಳು ಹೆಚ್ಚಾಗಿ ಚಳಿ ದೇಶಗಳಲ್ಲಿ ಬರೆದವು. ಅಲ್ಲಿ ಚಳಿಗಾಲದಲ್ಲಿ ಮನೆಯನ್ನು ಬಿಸಿ ಮಾಡುತ್ತಾರೆ, ಒಳಗಿನ ಹವೆಯ ತೇವ ಶೇಕಡಾ 20–30ಕ್ಕೆ ಇಳಿಯುತ್ತದೆ. ಆದುದರಿಂದ ದಿನಕ್ಕೆರಡು ಸಲ ನೀರು ಚಿಮುಕಿಸಿ, ಪೆಟ್ಟಿಗೆಯ ಜಾಲರಿ ಮುಚ್ಚಿ ಎಂದು ಆ ಪುಸ್ತಕ ಹೇಳುತ್ತದೆ. ಅಲ್ಲಿಗೆ ಅದು ಸರಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿನಲ್ಲಿ ಆಟಿ ತಿಂಗಳಲ್ಲಿ ಅದೇ ಮಾತು ಕೇಳಿದರೆ ಹಾವು ಕೊಳೆಯುತ್ತದೆ. ಚಪ್ಪಲಿಗೆ ಬೂಸ್ಟು ಹಿಡಿಯುವ, ಜಗಲಿಯ ಅಡಿಕೆ ಮೆತ್ತಗಾಗುವ ದಿನಗಳಲ್ಲಿ ನೀರು ಚಿಮುಕಿಸುವ ಅಗತ್ಯವೇನು? ಆಗ ಬೇಕಾದದ್ದು ಗಾಳಿ ಮತ್ತು ಹದವಾದ ಶಾಖ.

ಇನ್ನು ಧನು, ಮಕರ ತಿಂಗಳ ಮೂಡುಗಾಳಿಗೆ ನಮ್ಮ ತುಟಿಯೇ ಒಡೆಯುತ್ತದೆ. ಆಗ ತೇವ ಕೊಡಬೇಕು. ಬೆಂಗಳೂರಿನ ಎ.ಸಿ. ಕೋಣೆಯಲ್ಲಿ, ಗಲ್ಫಿನ ಫ್ಲಾಟಿನಲ್ಲಿ ಯಂತ್ರವೇ ಹವೆಯ ನೀರನ್ನು ಹೀರುತ್ತದೆ. ಒಂದೇ ಹಾವು, ಒಂದೇ ಪೆಟ್ಟಿಗೆ. ಊರು ಬದಲಾದರೆ, ತಿಂಗಳು ಬದಲಾದರೆ ಕ್ರಮವೂ ಬದಲಾಗಬೇಕು. ಇದು ಕೃಷಿಕನಿಗೆ ಅರ್ಥವಾಗದ ಮಾತಲ್ಲ. ಬಯಲುಸೀಮೆಯ ನೀರಾವರಿ ಲೆಕ್ಕವನ್ನು ನಮ್ಮ ತೋಟಕ್ಕೆ ಹಾಕಿದರೆ ಏನಾಗುತ್ತದೆಂದು ಅವನು ಬಲ್ಲ.

ಶಾಖಕ್ಕೂ ತೇವಕ್ಕೂ ಇರುವ ಸಂಬಂಧವನ್ನೂ ತಿಳಿದಿರಬೇಕು. ಬಿಸಿ ಹವೆ ಹೆಚ್ಚು ನೀರನ್ನು ಹಿಡಿದುಕೊಳ್ಳಬಲ್ಲದು. 25 ಡಿಗ್ರಿ ಸೆಲ್ಸಿಯಸಿನಲ್ಲಿ ಶೇಕಡಾ 80 ತೇವ ಇರುವ ಹವೆಯನ್ನು, ಬೇರೆ ನೀರು ಸೇರಿಸದೆ, 35 ಡಿಗ್ರಿಗೆ ಬಿಸಿ ಮಾಡಿದರೆ ತೇವದ ಪ್ರಮಾಣ 50ಕ್ಕಿಂತ ಕೆಳಗೆ ಬರುತ್ತದೆ. ಹೊಗೆಗೂಡಿನಲ್ಲಿ ಕೊಬ್ಬರಿ ಒಣಗುವುದು ಇದೇ ತತ್ವದಿಂದ. ಪೆಟ್ಟಿಗೆಯ ಮೇಲೆ ದೀಪ ಉರಿಸಿ ಹಾವಿಗೆ ಶಾಖ ಕೊಡುವವರು ಅದೇ ಹೊತ್ತಿಗೆ ಅದನ್ನು ಒಣಗಿಸುತ್ತಿದ್ದಾರೆ ಎಂಬುದನ್ನು ಮರೆಯಬಾರದು.

ಮನೆಯಲ್ಲಿ ಈಗಾಗಲೇ ಹಾವಿದ್ದರೆ

ಸಾಕಬೇಡಿ ಎಂಬುದು ನನ್ನ ಸಲಹೆ. ಆದರೆ ಪೆಟ್ಟಿಗೆ ಮನೆಗೆ ಬಂದೇ ಬಿಟ್ಟಿದ್ದರೆ ಆ ಜೀವವನ್ನು ಸಂಕಟಕ್ಕೆ ದೂಡುವ ಹಾಗಿಲ್ಲ. ಅಂಥವರು ಈ ಕ್ರಮಗಳನ್ನು ಪಾಲಿಸಬೇಕು.

ಮೊದಲನೆಯದು, ಕಣ್ಣಂದಾಜು ಬಿಟ್ಟು ಅಳತೆ ಮಾಡಬೇಕು. ತೇವ ಅಳೆಯುವ ಹೈಗ್ರೋಮೀಟರ್ ಎಂಬ ಉಪಕರಣ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಅಗ್ಗದವು ತಪ್ಪು ತೋರಿಸುವುದುಂಟು. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ತುಂಬಿ, ಉಪ್ಪು ಕರಗದೆ ಕೆಸರಿನಂತಾಗುವಷ್ಟು ಮಾತ್ರ ನೀರು ಹನಿಸಿ. ಅದನ್ನೂ ಉಪಕರಣವನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 70 ತೋರಿಸಿದರೆ ಮುಂದೆ ಐದನ್ನು ಕೂಡಿಸಿಕೊಂಡು ಓದಬೇಕು. ಕೋಳಿಮೊಟ್ಟೆ ಮರಿ ಮಾಡುವ ಯಂತ್ರ ಇಟ್ಟವರಿಗೂ, ಕರಿಮೆಣಸು, ಅಡಿಕೆ ದಾಸ್ತಾನು ಮಾಡುವವರಿಗೂ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ.

ಎರಡನೆಯದು, ಹಾಸು. ವಿದೇಶದ ಅಂಗಡಿಗಳಲ್ಲಿ ಹಾವಿನ ಪೆಟ್ಟಿಗೆಗೆಂದು ಇಟ್ಟಿಗೆಯಂತೆ ಒತ್ತಿ ಮಾರುವ ವಸ್ತುಗಳಲ್ಲಿ ಒಂದು ನಮ್ಮ ತೆಂಗಿನ ನಾರಿನ ಪುಡಿಯೇ. ಚೆನ್ನಾಗಿ ತೊಳೆದ ನಾರಿನ ಪುಡಿಯನ್ನು ಎರಡು ಮೂರು ಇಂಚು ದಪ್ಪಕ್ಕೆ ಹಾಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೇವ ಕಡಿಮೆಯಾದಾಗ ಮೇಲಿನಿಂದ ಚಿಮುಕಿಸುವ ಬದಲು ಪೆಟ್ಟಿಗೆಯ ಮೂಲೆಯಲ್ಲಿ ಸ್ವಲ್ಪ ನೀರು ಹೊಯ್ದರೆ ಅಡಿಯ ಪದರ ತೇವವಾಗುತ್ತದೆ, ಹಾವು ಮಲಗುವ ಮೇಲಿನ ಪದರ ಒಣಗಿಯೇ ಉಳಿಯುತ್ತದೆ. ತೇವ ಬೇರೆ, ಒದ್ದೆ ಬೇರೆ. ಹಾವಿನ ಹೊಟ್ಟೆಯ ಅಡಿಯಲ್ಲಿ ಒದ್ದೆ ಇರಬಾರದು.

ಮೂರನೆಯದು, ಅಡಗುವ ಗೂಡು. ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾವು ನುಸುಳುವಷ್ಟು ತೂತು ಮಾಡಿ, ಒಳಗೆ ತೇವ ಮಾಡಿದ ಪಾಚಿಯನ್ನೋ ನಾರನ್ನೋ ಇಡಬೇಕು. ಇಡೀ ಪೆಟ್ಟಿಗೆಯನ್ನು ತೋಯಿಸುವ ಅಗತ್ಯವಿಲ್ಲ. ತೇವ ಬೇಕೆಂದಾಗ ಹಾವು ತಾನೇ ಅದರೊಳಗೆ ಹೋಗುತ್ತದೆ, ಸಾಕೆಂದಾಗ ಹೊರಗೆ ಬರುತ್ತದೆ. ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿ ಇರಬೇಕು. ಬಾಲ್ ಪೈಥಾನಿಗೆ ಬಿಸಿ ಬದಿ 31ರಿಂದ 33 ಡಿಗ್ರಿ, ತಂಪು ಬದಿ 25ರಿಂದ 27 ಡಿಗ್ರಿ ಸರಿಯಾಗುತ್ತದೆ. ಕುಡಿಯುವ ನೀರಿನ ಪಾತ್ರೆಯನ್ನು ಬಿಸಿ ಬದಿಯ ಹತ್ತಿರ ತಂದರೆ ಹವೆಯ ತೇವ ಏರುತ್ತದೆ, ದೂರ ಇಟ್ಟರೆ ಇಳಿಯುತ್ತದೆ.

ನಾಲ್ಕನೆಯದು, ಮಳೆಗಾಲದಲ್ಲಿ ಗಾಳಿಕಂಡಿಗಳನ್ನು ಪೂರ್ತಿ ತೆರೆದಿಡಬೇಕು. ಹಾಸನ್ನು ಮೇಲಿಂದ ಮೇಲೆ ಬದಲಿಸಬೇಕು. ಬೂಸ್ಟು ಕಂಡರೆ ಅಂದೇ ತೆಗೆಯಬೇಕು.

ಅಂಟಿದ ಪೊರೆಯನ್ನು ಉಗುರಿನಿಂದಲೋ ಚಿಮಟದಿಂದಲೋ ಕೀಳಬಾರದು. ಉಗುರು ಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯ ಚೀಲದೊಳಗೆ ಅರ್ಧ ಗಂಟೆ ಬಿಟ್ಟರೆ ಪೊರೆ ಮೆತ್ತಗಾಗಿ ತಾನೇ ಜಾರುತ್ತದೆ. ಆ ಹೊತ್ತೆಲ್ಲ ಪಕ್ಕದಲ್ಲೇ ಇರಬೇಕು. ಕಣ್ಣಿನ ಪರದೆ ಉಳಿದಿದ್ದರೆ ಪಶುವೈದ್ಯರೇ ನೋಡಬೇಕು. ಹಾವಿನ ಚಿಕಿತ್ಸೆ ಬಲ್ಲ ಪಶುವೈದ್ಯರು ಎಲ್ಲ ಊರಲ್ಲೂ ಇಲ್ಲ. ದನಕ್ಕೆ ಜ್ವರ ಬಂದರೆ ಹತ್ತಿರದ ಪಶು ಆಸ್ಪತ್ರೆ ಇದೆ, ಹಾವಿಗೆ ಬಂದರೆ ಎಷ್ಟು ದೂರ ಹೋಗಬೇಕೆಂದು ತರುವ ಮೊದಲೇ ಯೋಚಿಸಬೇಡವೇ?

ಮನೆಯವರ ಆರೋಗ್ಯ

ಹಾವು, ಆಮೆ, ಹಲ್ಲಿಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದು ಸಾಮಾನ್ಯ. ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ, ಆದರೆ ಅದರ ಹಿಕ್ಕೆಯಿಂದ, ಪೆಟ್ಟಿಗೆಯ ನೀರಿನಿಂದ ಮನುಷ್ಯರಿಗೆ ವಾಂತಿ, ಭೇದಿ, ಜ್ವರ ತಗಲಬಹುದು. ತೇವದ ಹಾಸು ಸ್ವಚ್ಛವಾಗಿರದಿದ್ದರೆ ರೋಗಾಣು ಬಹಳ ಕಾಲ ಉಳಿಯುತ್ತದೆ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವೃದ್ಧರು, ಸಕ್ಕರೆ ಕಾಯಿಲೆಯವರು ಹಾವನ್ನೂ ಅದರ ಪಾತ್ರೆಯನ್ನೂ ಮುಟ್ಟದಿರುವುದು ಕ್ಷೇಮ. ಉಳಿದವರು ಮುಟ್ಟಿದ ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು. ಹಾವಿನ ಪಾತ್ರೆಯನ್ನು ಅಡಿಗೆಮನೆಯಲ್ಲಿ ತೊಳೆಯಲೇ ಕೂಡದು.

ಕಾನೂನಿನ ಮಾತು

ನಮ್ಮ ನಾಡಿನ ಹಾವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ನಾಗರ, ಹೆಬ್ಬಾವು ಮಾತ್ರವಲ್ಲ, ಕೇರೆಯೂ ಇದಕ್ಕೆ ಸೇರುತ್ತದೆ. ಬಾಲ್ ಪೈಥಾನ್ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ರಸೀದಿ ಇಲ್ಲದೆ ಮಾರುವವನ ಹಾವು ಎಲ್ಲಿಂದ ಬಂತು ಎಂದು ಕೇಳಿನೋಡಿ. 2024ರ ಏಪ್ರಿಲಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕಿದವು. ಅದು ದಕ್ಷಿಣ ಅಮೆರಿಕದ ಜೌಗು ನೆಲದ ಹಾವು, ನೀರಿನಲ್ಲೇ ಬದುಕು ಸಾಗಿಸುವಂಥದು. ಅಂಥ ಜೀವವನ್ನು ಬಟ್ಟೆಬರೆಯ ಪೆಟ್ಟಿಗೆಯಲ್ಲಿ ತುಂಬಿ ತರುವ ವ್ಯಾಪಾರಕ್ಕೆ ನಮ್ಮ ಮಕ್ಕಳ ದುಡಿಮೆಯ ಹಣ ಹೋಗಬಾರದು.

ಬೇಸರವಾದಾಗ ತೋಟಕ್ಕೆ ಬಿಟ್ಟರಾಯಿತು ಎಂದು ಯಾರೂ ಎಣಿಸಬಾರದು. ಬಾಲ್ ಪೈಥಾನ್ ಸಾಕಿದಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಪರದೇಶದ ಹಾವನ್ನು ಹೊರಗೆ ಬಿಟ್ಟರೆ ಅದು ಸಾಯಬಹುದು, ಇಲ್ಲವೇ ಇಲ್ಲಿನ ಹಾವುಗಳಿಗೆ ಹೊಸ ರೋಗ ಹರಡಬಹುದು. ಇಟ್ಟುಕೊಳ್ಳಲು ಆಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ನಮ್ಮ ಹಾವಿಗೆ ನಮ್ಮ ತೋಟ

ಮಕ್ಕಳಿಗೆ ಹಾವಿನ ಬಗ್ಗೆ ಕುತೂಹಲ ಇದ್ದರೆ ಬೈಯಬೇಡಿ. ಅದು ಒಳ್ಳೆಯ ಕುತೂಹಲ. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನಲ್ಲಿ ಹಾವುಗಳ ಉದ್ಯಾನವಿದೆ, ಮಂಗಳೂರಿನ ಬಳಿ ಪಿಲಿಕುಳವಿದೆ. ಕರೆದುಕೊಂಡು ಹೋಗಿ ತೋರಿಸಿ. ಕೇರಳ ಅರಣ್ಯ ಇಲಾಖೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡಿದ ಹಾವು ರಕ್ಷಕರಿದ್ದಾರೆ. ಇಲಾಖೆಯ ಸರ್ಪ ಎಂಬ ಫೋನ್ ಆ್ಯಪಿನಲ್ಲಿ ಅವರನ್ನು ಸಂಪರ್ಕಿಸಬಹುದು. ಪ್ರಾಯಕ್ಕೆ ಬಂದ ಹುಡುಗರು ಆ ತರಬೇತಿ ಪಡೆದರೆ ಊರಿಗೇ ಉಪಕಾರ.

ಎಳನೀರನ್ನೂ ಕೊಕ್ಕೋ ಕಾಯಿಯನ್ನೂ ತೂತು ಮಾಡುವ ಇಲಿಗಳನ್ನು ಹಿಡಿಯುವ ಕೇರೆ ಹಾವಿಗೆ ನಾವು ಪೆಟ್ಟಿಗೆ ಮಾಡಿಕೊಡಬೇಕಾಗಿಲ್ಲ. ತೋಟದ ಕಟ್ಟಪುಣಿ, ಸೋಗೆಯ ಅಡಿ, ಹಳೆಯ ಹುತ್ತ ಇವೇ ಅದಕ್ಕೆ ಸಾಕು. ತನಗೆ ಬೇಕಾದ ತೇವವನ್ನು ಅದು ತಿಂಗಳಿಗೆ ತಕ್ಕಂತೆ ತಾನೇ ಹುಡುಕಿಕೊಳ್ಳುತ್ತದೆ. ಹಾಗೆಯೇ ಹಾವು ಮನೆಗೆ ಬರುವುದೂ ತೇವ ಮತ್ತು ಇಲಿಯನ್ನು ಹುಡುಕಿಕೊಂಡು ಎಂಬುದು ನೆನಪಿರಲಿ. ಗೋಡೆಗೆ ತಾಗಿಸಿ ಕಟ್ಟಿಗೆ, ಅಡಿಕೆ ಸಿಪ್ಪೆ ರಾಶಿ ಹಾಕಬೇಡಿ. ಬಚ್ಚಲಿನ ನೀರು ಹೋಗುವ ಕಂಡಿಗೆ ಜಾಲರಿ ಹಾಕಿ. ರಾತ್ರಿ ಟಾರ್ಚಿಲ್ಲದೆ ಹಟ್ಟಿಗೆ ಹೋಗಬೇಡಿ. 2000ದಿಂದ 2019ರವರೆಗಿನ ಲೆಕ್ಕದಂತೆ ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ತೀರಿಕೊಂಡಿದ್ದಾರೆ. ಅವರಲ್ಲಿ ಹೆಚ್ಚಿನವರು ನಮ್ಮಂಥ ಹಳ್ಳಿಯವರು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕೈಕಾಲು ಅಲುಗಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಹೋಗಬೇಕು.

ಕೃಷಿಕ ಬಂಧುಗಳೇ, ಪ್ರಾಣಿ ಸಾಕುವುದು ನಮಗೆ ಹೊಸತಲ್ಲ. ಹಸುವಿಗೆ ಹಟ್ಟಿ, ಕೋಳಿಗೆ ಗೂಡು, ಜೇನಿಗೆ ಪೆಟ್ಟಿಗೆ ಹೇಗಿರಬೇಕೆಂದು ಕಲಿತ ಮೇಲೆಯೇ ನಾವು ಅವನ್ನು ತಂದೆವು. ಮನೆಯ ಮಕ್ಕಳು ಹಾವಿನ ಮಾತೆತ್ತಿದರೆ ಅದೇ ಪ್ರಶ್ನೆ ಕೇಳಿ: ಆಟಿಯಲ್ಲಿ ಅದರ ಗೂಡಿನ ತೇವ ಎಷ್ಟಿರಬೇಕು, ಮಕರದಲ್ಲಿ ಎಷ್ಟು, ನೀನು ಊರಲ್ಲಿಲ್ಲದಾಗ ಅದನ್ನು ನೋಡುವವರು ಯಾರು? ಇದಕ್ಕೆ ಸರಿಯಾದ ಉತ್ತರ ಬರುವವರೆಗೆ ಆ ಪೆಟ್ಟಿಗೆ ಅಂಗಡಿಯಲ್ಲೇ ಇರಲಿ.